ಪೆಡಲ್ ಸ್ಟೀಲ್ ಗಿಟಾರಿಗೆ ತಕ್ಕ ಶ್ರುತಿಮಾಪಕ

ತಂತಿವಾದ್ಯವನ್ನು ನುಡಿಸುವವರ ಮೊದಲ ಕೆಲಸ ಶ್ರುತಿಗೂಡಿಸುವುದು. ಹಿಂದೆ ಇದಕ್ಕೆ ಕಿವಿಯೇ ಮುಖ್ಯ ಆಧಾರವಾಗಿತ್ತು. ಇಂದು ಅಂಗೈಯಲ್ಲಿ ಅಡಗುವ ಎಲೆಕ್ಟ್ರಾನಿಕ್ ಶ್ರುತಿಮಾಪಕಗಳು, ಅಂದರೆ ಟ್ಯೂನರುಗಳು, ದೊರೆಯುತ್ತವೆ. ತಂತಿಯನ್ನು ಮೀಟಿದೊಡನೆ ಸ್ವರದ ಹೆಸರನ್ನೂ, ಅದು ಏರಿದೆಯೋ ಇಳಿದಿದೆಯೋ ಎಂಬುದನ್ನೂ ಅವು ತೋರಿಸುತ್ತವೆ. ಮುಳ್ಳು ಶೂನ್ಯದ ಮೇಲೆ ನಿಂತರೆ ಶ್ರುತಿ ಸರಿಯಾಯಿತೆಂದು ಭಾವಿಸುವುದು ಸಹಜ. ಆದರೆ ಅಮೆರಿಕದ ಕಂಟ್ರಿ ಸಂಗೀತದಲ್ಲಿ ಹೆಸರಾದ ಪೆಡಲ್ ಸ್ಟೀಲ್ ಗಿಟಾರಿನ ತಂತಿಗಳನ್ನೆಲ್ಲ ಹೀಗೆ ಶೂನ್ಯಕ್ಕೆ ನಿಲ್ಲಿಸಿ ನುಡಿಸಿದರೆ ಸ್ವರಮೇಳವು ಅನೇಕ ವಾದಕರ ಕಿವಿಗೆ ಕಟುವಾಗಿ ಕೇಳುತ್ತದೆ. ಹಾಗಾದರೆ ಮಾಪಕವು ತಪ್ಪು ಹೇಳಿತೆ? ಇಲ್ಲ. ಇದರ ಕಾರಣವನ್ನು ಅರಿತರೆ ಈ ವಾದ್ಯಕ್ಕೆ ಒಪ್ಪುವ ಮಾಪಕವನ್ನು ಆರಿಸುವುದು ಸುಲಭವಾಗುತ್ತದೆ.

ವಾದ್ಯದ ರಚನೆ

ಹವಾಯಿ ದ್ವೀಪಗಳಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಗಿಟಾರನ್ನು ಅಡ್ಡಲಾಗಿ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮವು ರೂಢಿಗೆ ಬಂದಿತು. ನಮ್ಮ ಗೋಟುವಾದ್ಯವನ್ನು ಕಂಡವರಿಗೆ ಈ ಬಗೆಯ ವಾದನ ಹೊಸದೆನಿಸಲಾರದು. ಇದೇ ಗಿಟಾರಿಗೆ ಕಾಲುಗಳನ್ನೂ, ಪಾದದಿಂದ ಒತ್ತುವ ಪೆಡಲುಗಳನ್ನೂ, ಮೊಣಕಾಲಿನಿಂದ ತಳ್ಳುವ ಸನ್ನೆಗಳನ್ನೂ ಜೋಡಿಸಿದುದರಿಂದ ಪೆಡಲ್ ಸ್ಟೀಲ್ ಗಿಟಾರ್ ಉಂಟಾಯಿತು.

ಬಹು ಬಳಕೆಯಲ್ಲಿರುವ ಇ-9 ಎಂಬ ಶ್ರುತಿಕ್ರಮದಲ್ಲಿ 10 ತಂತಿಗಳಿರುತ್ತವೆ. ಅತಿ ಮಂದ್ರವಾದ ಬಿ ತಂತಿಯು ಸೆಕೆಂಡಿಗೆ ಸುಮಾರು 123.5 ಸಲವೂ, ಅತಿ ತಾರವಾದ ಜಿ-ಶಾರ್ಪ್ ತಂತಿಯು ಸುಮಾರು 415 ಸಲವೂ ಕಂಪಿಸುತ್ತವೆ. ಒಂದು ಪೆಡಲನ್ನು ಒತ್ತಿದರೆ ಬಿ ಸ್ವರವು ಸಿ-ಶಾರ್ಪ್‌ಗೆ ಏರುತ್ತದೆ; ಇನ್ನೊಂದನ್ನು ಒತ್ತಿದರೆ ಜಿ-ಶಾರ್ಪ್ ಸ್ವರವು ಎ ಆಗುತ್ತದೆ. ಹೀಗೆ ಏರಿಸಿದ, ಇಳಿಸಿದ ಸ್ವರಗಳನ್ನೂ ವಾದ್ಯದ ಬಲತುದಿಯಲ್ಲಿರುವ ಪುಟ್ಟ ತಿರುಪುಗಳಿಂದ ಒಂದೊಂದಾಗಿ ಶ್ರುತಿಗೂಡಿಸಬೇಕು. ಆದುದರಿಂದ ಇಲ್ಲಿ ಮಾಪಕದ ಕೆಲಸವು ಸಾಮಾನ್ಯ ಗಿಟಾರಿನಲ್ಲಿರುವುದಕ್ಕಿಂತ ಬಹಳ ಹೆಚ್ಚು.

ಶೂನ್ಯವೆಂದರೇನು?

ಮಾಪಕದ ಶೂನ್ಯವು ಪಿಯಾನೋವಿನ ಸಮಾಂತರ ಶ್ರುತಿಯನ್ನು ಅನುಸರಿಸಿದ್ದು. ಇದರಲ್ಲಿ ಒಂದು ಸ್ಥಾಯಿಯನ್ನು 12 ಸಮಾನ ಮೆಟ್ಟಿಲುಗಳಾಗಿ ಹಂಚಿರುತ್ತಾರೆ. ಪ್ರತಿ ಮೆಟ್ಟಿಲಿಗೂ 100 ಸೆಂಟ್ ಎಂಬ ಅಳತೆ. ಇ ಸ್ವರದಿಂದ ಜಿ-ಶಾರ್ಪ್‌ಗೆ ನಾಲ್ಕು ಮೆಟ್ಟಿಲು, ಅಂದರೆ 400 ಸೆಂಟ್. ಆದರೆ ಇವೆರಡೂ ಪೂರ್ಣವಾಗಿ ಬೆರೆತು ಕೇಳಬೇಕಾದರೆ ಅವುಗಳ ಕಂಪನಸಂಖ್ಯೆಗಳು 4 ಮತ್ತು 5ರ ಪ್ರಮಾಣದಲ್ಲಿರಬೇಕು. ಈ ಶುದ್ಧ ಅಂತರವು 386 ಸೆಂಟ್ ಮಾತ್ರ. ಒಳ್ಳೆಯ ತಂಬೂರಿಯ ಷಡ್ಜದಿಂದ ತಾನಾಗಿಯೇ ಹೊಮ್ಮುವ ಅಂತರ ಗಾಂಧಾರವು ಇದೇ.

ಈ 14 ಸೆಂಟಿನ ವ್ಯತ್ಯಾಸದ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಇ ತಂತಿಯ ಕಂಪನಸಂಖ್ಯೆ 329.6, ಮಾಪಕದ ಶೂನ್ಯಕ್ಕೆ ನಿಲ್ಲಿಸಿದ ಜಿ-ಶಾರ್ಪ್‌ನ ಕಂಪನಸಂಖ್ಯೆ 415.3. ಪ್ರತಿಯೊಂದು ತಂತಿಯೂ ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಉಪಸ್ವರಗಳನ್ನು ಹೊರಡಿಸುತ್ತದೆಯಷ್ಟೆ. ಮೊದಲನೆಯದರ ಐದು ಪಟ್ಟು ಸುಮಾರು 1648; ಎರಡನೆಯದರ ನಾಲ್ಕು ಪಟ್ಟು ಸುಮಾರು 1661. ಇವೆರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ 13 ಸಲ ನಾದವು ಏರಿಳಿಯುತ್ತದೆ. ಜಿ-ಶಾರ್ಪ್ ತಂತಿಯನ್ನು 412ಕ್ಕೆ ಇಳಿಸಿದರೆ ಈ ನಡುಕವು ನಿಂತುಹೋಗುತ್ತದೆ.

ಪಿಯಾನೋವಿನ ನಾದವು ಬೇಗ ಕುಗ್ಗುವುದರಿಂದ ಈ ದೋಷವು ಅಷ್ಟಾಗಿ ಕಾಣಿಸದು. ಪೆಡಲ್ ಸ್ಟೀಲ್ ವಾದ್ಯದಲ್ಲಾದರೋ ಸ್ವರಗಳು ದೀರ್ಘಕಾಲ ನಿಲ್ಲುವುದರಿಂದ ಅದು ಎದ್ದು ಕೇಳುತ್ತದೆ. ಆದುದರಿಂದ ಈ ವಾದಕರಿಗೆ ಬೇಕಾದುದು ಬರಿಯ ಶೂನ್ಯವನ್ನು ತೋರಿಸುವ ಮಾಪಕವಲ್ಲ. ಶೂನ್ಯದಿಂದ ಎಷ್ಟು ದೂರವೆಂಬುದನ್ನು ನಂಬಿಕೆಗೆ ಅರ್ಹವಾಗಿ ತಿಳಿಸುವ ಮಾಪಕ.

ಮಾಪಕವು ಎಣಿಸುವ ಬಗೆ

ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನಗಳಾದುವೆಂದು ಎಣಿಸುವುದು ಸುಲಭವಾದ ದಾರಿಯೆಂದು ತೋರಬಹುದು. ಆದರೆ ಮಂದ್ರದ ಬಿ ತಂತಿಯಲ್ಲಿ ಒಂದು ಕಂಪನ ಹೆಚ್ಚುಕಡಿಮೆಯಾದರೆ 14 ಸೆಂಟಿನ ತಪ್ಪಾಗುತ್ತದೆ. ನಮಗೆ ಬೇಕಾದುದು ಒಂದು ಸೆಂಟಿನ ನಿಖರತೆ. ಇದಕ್ಕಾಗಿ ಕಂಪನಗಳ ಸಂಖ್ಯೆಗೆ ಬದಲು ಒಂದು ಕಂಪನಕ್ಕೆ ಹಿಡಿಯುವ ಕಾಲವನ್ನೇ ಅಳೆಯುತ್ತಾರೆ. ಮಾಪಕದೊಳಗಿನ ಕ್ವಾರ್ಟ್ಸ್ ಹರಳು ಸೆಕೆಂಡಿಗೆ ಲಕ್ಷಾಂತರ ಸಲ ಮಿಡಿಯುತ್ತ ಗಡಿಯಾರದಂತೆ ಕೆಲಸ ಮಾಡುತ್ತದೆ. ಮೀಟಿದ ಕ್ಷಣದಲ್ಲಿ ತಂತಿಯ ಬಿಗುವು ಹೆಚ್ಚಿ ಸ್ವರವು ತುಸು ಏರಿರುವುದರಿಂದ, ನಾದವು ನೆಲೆಗೊಂಡ ಮೇಲೆಯೇ ಅಂಕಿಯನ್ನು ಓದಬೇಕು.

ಆರಿಸುವಾಗ ಗಮನಿಸಬೇಕಾದ ಅಂಶಗಳು

ವಾದ್ಯಕ್ಕೆ ಕಚ್ಚಿಸುವ ಕ್ಲಿಪ್ ಮಾಪಕವು ಒಡಲಿನ ನಡುಕವನ್ನು ಗ್ರಹಿಸುತ್ತದೆ. ಅದು ಅಗ್ಗ, ಹಗುರ, ತಂತಿಜೋಡಣೆಯ ತೊಡಕಿಲ್ಲ. ಆದರೆ ಮೀಟದ ತಂತಿಗಳೂ ಅನುರಣಿಸುವುದರಿಂದ ಕೆಲವೊಮ್ಮೆ ಅದು ತಡವರಿಸುತ್ತದೆ. ವಾದ್ಯದ ವಿದ್ಯುತ್ ಸಂಕೇತವನ್ನೇ ನೇರವಾಗಿ ಪಡೆಯುವ ಮಾಪಕವು ಹೆಚ್ಚು ಸ್ಥಿರ. ಇದನ್ನು ಧ್ವನಿಯನ್ನು ಹತೋಟಿಯಲ್ಲಿಡುವ ವಾಲ್ಯೂಮ್ ಪೆಡಲಿಗಿಂತ ಮೊದಲು ಜೋಡಿಸಿದರೆ, ಸಭೆಗೆ ಸದ್ದು ಕೇಳಿಸದಂತೆ ಪೆಡಲನ್ನು ಮುಚ್ಚಿ ಶ್ರುತಿಗೂಡಿಸಬಹುದು.

ಇಬ್ಬಗೆಯ ಮಾಪಕಗಳಲ್ಲಿಯೂ ನೋಡಬೇಕಾದುದು ಅಂಕಣದ ಸೂಕ್ಷ್ಮತೆ. ಕೆಲವೇ ದೀಪಗಳುಳ್ಳ ಮಾಪಕದಲ್ಲಿ 14 ಸೆಂಟ್ ಇಳಿಸಿದೆವೋ 10 ಸೆಂಟ್ ಇಳಿಸಿದೆವೋ ತಿಳಿಯದು. ಸ್ಟ್ರೋಬ್ ಬಗೆಯ ಮಾಪಕದಲ್ಲಿ ಚಿತ್ರಪಟ್ಟಿಯು ಸ್ವರ ಏರಿದರೆ ಒಂದು ಕಡೆಗೆ, ಇಳಿದರೆ ಇನ್ನೊಂದು ಕಡೆಗೆ ಹರಿಯುತ್ತದೆ, ಸರಿಹೊಂದಿದಾಗ ನಿಶ್ಚಲವಾಗುತ್ತದೆ. ತಿರುಗುವ ಬಿಲ್ಲೆಯನ್ನುಳ್ಳ ಈ ಜಾತಿಯ ದೊಡ್ಡ ಯಂತ್ರವನ್ನು ಅಮೆರಿಕದ ಕಾನ್ ಕಂಪನಿಯು 1936ರಲ್ಲಿಯೇ ಹೊರತಂದಿತ್ತು. ಪೀಟರ್ಸನ್ ಕಂಪನಿಯ ಕೆಲವು ಪುಟ್ಟ ಸ್ಟ್ರೋಬ್ ಮಾಪಕಗಳಲ್ಲಿ ಪೆಡಲ್ ಸ್ಟೀಲ್ ವಾದ್ಯಕ್ಕೆಂದೇ ಪ್ರತಿ ಸ್ವರದ ತಿದ್ದುಪಡಿಯನ್ನು ಮೊದಲೇ ತುಂಬಿರುತ್ತಾರೆ. ಆಗ ಚಿತ್ರವು ನಿಂತೆಡೆಯೇ ಬೇಕಾದ ಸ್ವರ.

ಎ ಸ್ವರದ ಆಧಾರಸಂಖ್ಯೆಯನ್ನು 440ರಿಂದ ಆಚೀಚೆಗೆ ಬದಲಿಸುವ ಸೌಕರ್ಯವೂ ಇರಬೇಕು. ಅದನ್ನು 442.5 ಮಾಡಿದರೆ ಇಡೀ ವಾದ್ಯವು ಸುಮಾರು 10 ಸೆಂಟ್ ಏರುತ್ತದೆ. ಇಳಿಸಿದ ಸ್ವರಗಳು ಆಗ ಜೊತೆಯ ಪಿಯಾನೋವಿಗೆ ಹೆಚ್ಚು ಕೆಳಗಾಗವು. ಕೊನೆಯದಾಗಿ, ಎಡಗಡೆಯ ಬಿರಟೆಗಳ ಬಳಿಯಿಂದಲೂ ಬಲತುದಿಯ ತಿರುಪುಗಳ ಬಳಿಯಿಂದಲೂ ಮಾಪಕದ ಮುಖವು ಸ್ಪಷ್ಟವಾಗಿ ಕಾಣುವಂತಿರಬೇಕು.

ಮಾಪಕಕ್ಕೆ ಎಟುಕದ ಮಾತು

ಎಷ್ಟೇ ಉತ್ತಮ ಮಾಪಕವಾದರೂ ಎಲ್ಲವನ್ನೂ ಬಗೆಹರಿಸಲಾರದು. ಎಫ್-ಶಾರ್ಪ್ ತಂತಿಯು ಬಿ ಸ್ವರದೊಡನೆ ಶುದ್ಧ ಪಂಚಮವಾಗಬೇಕಾದರೆ ಇ ಸ್ವರಕ್ಕಿಂತ 204 ಸೆಂಟ್ ಮೇಲಿರಬೇಕು. ಎ ಸ್ವರದೊಡನೆ ಶುದ್ಧವಾಗಿ ಬೆರೆಯಬೇಕಾದರೆ 182 ಸೆಂಟ್ ಸಾಕು. ಒಂದೇ ತಂತಿ ಎರಡೂ ಕಡೆ ಇರಲಾರದು. ಮೇಲಾಗಿ ಪೆಡಲುಗಳನ್ನು ಒತ್ತಿದಾಗ ಒಡಲು ಅತ್ಯಲ್ಪವಾಗಿ ಬಾಗಿ, ಉಳಿದ ತಂತಿಗಳೂ ಕೊಂಚ ಇಳಿಯುತ್ತವೆ. ಇಲ್ಲೆಲ್ಲ ಯಾವುದಕ್ಕೆ ಎಷ್ಟು ಬಿಟ್ಟುಕೊಡಬೇಕೆಂಬುದನ್ನು ಕಿವಿಯೇ ತೀರ್ಮಾನಿಸಬೇಕು. ಆ ತೀರ್ಮಾನವನ್ನು ಅಂಕಿಗಳಲ್ಲಿ ಬರೆದಿಟ್ಟುಕೊಂಡು, ಮರುದಿನ ಗದ್ದಲದ ರಂಗಸ್ಥಳದಲ್ಲಿಯೂ ಹಾಗೆಯೇ ಮರಳಿ ಪಡೆಯಲು ನೆರವಾಗುವುದೇ ಒಳ್ಳೆಯ ಮಾಪಕದ ಲಕ್ಷಣ. ಅಳತೆಯ ಸಾಧನವು ನಿಖರವಾಗಿದ್ದರೆ ಸಾಲದು, ಯಾವುದಕ್ಕೆ ಹೋಲಿಸಿ ಅಳೆಯುತ್ತಿದ್ದೇವೆಂಬುದೂ ತಿಳಿದಿರಬೇಕೆಂಬ ಮಾತು ಪ್ರಯೋಗಶಾಲೆಗೆ ಅನ್ವಯಿಸುವಂತೆ ಸಂಗೀತಕ್ಕೂ ಅನ್ವಯಿಸುತ್ತದೆ.