ಮಲಪ್ರಭೆಯ ಪ್ರವಾಹವೂ ದೋಣಿಯ ಗೇರೂ

ಕಿತ್ತೂರಿಗೆ ಸಮೀಪವಾದ ದೇಗಾಂವಕ್ಕೆ ಕದಂಬರ ಕಾಲದ ಕಮಲನಾರಾಯಣ ದೇವಾಲಯವನ್ನು ನೋಡಲು ಬರುವವರುಂಟು. ಅಲ್ಲಿ ಯಂತ್ರದ ದೋಣಿಯ ಮಾತನ್ನು ನಿರೀಕ್ಷಿಸುವವರಿಲ್ಲ. ಆದರೆ ಅದೇ ಜಿಲ್ಲೆಯ ಕಣಕುಂಬಿಯಲ್ಲಿ ಜನಿಸಿ ಸವದತ್ತಿಯ ಸೀಮೆಯಲ್ಲಿ ರೇಣುಕಾಸಾಗರವಾಗಿ ನಿಲ್ಲುವ ಮಲಪ್ರಭೆಯು 2019ರ ಆಗಸ್ಟಿನಲ್ಲಿ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಂಥ ಸಂದರ್ಭದಲ್ಲಿ, ರಬ್ಬರ್ ದೋಣಿಯ ಹಿಂಬದಿಗೆ ಬಿಗಿದ ಔಟ್‌ಬೋರ್ಡ್ ಮೋಟಾರೊಂದರ ಸುಸ್ಥಿತಿಯು ಅನೇಕರ ಪ್ರಾಣಕ್ಕೆ ಸಂಬಂಧಿಸಿದ ವಿಷಯವಾಗುತ್ತದೆ.

ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಜನಪ್ರಿಯಗೊಳಿಸಿದ ಈ ಯಂತ್ರದಲ್ಲಿ ಎಂಜಿನ್ನು ಮೇಲಿರುತ್ತದೆ, ಗೇರು ನೀರಿನೊಳಗಿರುತ್ತದೆ. ಮೇಲಿನಿಂದ ಇಳಿದ ದಂಡದ ತುದಿಯ ಚಿಕ್ಕ ಹಲ್ಲುಚಕ್ರವು, ಪಂಖೆಯ ದಂಡದ ಮೇಲಿರುವ ಎರಡು ಹಲ್ಲುಚಕ್ರಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ ಸದಾ ತಿರುಗಿಸುತ್ತಿರುತ್ತದೆ. ಇವೆರಡರ ನಡುವೆ ಜಾರುವ ಉಕ್ಕಿನ ಕ್ಲಚ್ಚು ಯಾವುದನ್ನು ಹಿಡಿಯುವುದೋ ಆ ದಿಕ್ಕಿಗೆ ಪಂಖೆ ತಿರುಗುವುದು, ಯಾವುದನ್ನೂ ಹಿಡಿಯದಿದ್ದರೆ ದೋಣಿ ನ್ಯೂಟ್ರಲ್ಲಿನಲ್ಲಿರುವುದು. ನೀರಿನಲ್ಲಿ ಕೈಚಾಚುತ್ತಿರುವ ಮನುಷ್ಯನ ಬಳಿ ಸಾರುವಾಗ ಪಂಖೆ ನಿಲ್ಲದಿದ್ದರೆ ರಕ್ಷಿಸಬಂದ ದೋಣಿಯೇ ಅವನನ್ನು ಸೀಳೀತು. ಆದ್ದರಿಂದ ಮುಂದಕ್ಕೂ ಹಿಂದಕ್ಕೂ ಹೋಗುವುದಕ್ಕಿಂತ ನ್ಯೂಟ್ರಲ್ಲಿಗೆ ತಪ್ಪದೆ ಬರುವ ಗುಣವನ್ನೇ ನಾನು ಮೊದಲು ಪರೀಕ್ಷಿಸಬೇಕೆನ್ನುವೆನು.

ಗೇರು ಬೀಳದಿದ್ದೊಡನೆ ಕೆಳಗಿನ ಗೇರುಪೆಟ್ಟಿಗೆಯನ್ನು ಬಿಚ್ಚಲು ಆತುರಪಡುವವರು ಹೆಚ್ಚು. ದೋಷವಾದರೋ ಅನೇಕ ವೇಳೆ ಹೊರಗೇ ಇರುತ್ತದೆ. ಎಂಜಿನ್ನು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ತೆಗೆದು, ಒಬ್ಬನು ಪಂಖೆಯನ್ನು ಮೆಲ್ಲನೆ ತಿರುಗಿಸುತ್ತಿರಲು ಇನ್ನೊಬ್ಬನು ಗೇರು ಹಾಕಬೇಕು. ಗೇರಿನ ಸನ್ನೆ ಬಿಗಿಯಾಗಿದ್ದರೆ, ಅದನ್ನು ಯಂತ್ರಕ್ಕೆ ಜೋಡಿಸುವ ಕೇಬಲ್ಲಿನ ತುದಿಯನ್ನು ಎಂಜಿನ್ನಿನ ಕಡೆ ಕಳಚಿ ನೋಡಬೇಕು: ಆಗಲೂ ಸನ್ನೆ ಬಿಗಿಯಾದರೆ ಕೇಬಲ್ಲು ತುಕ್ಕು ಹಿಡಿದಿದೆ, ಅದನ್ನು ಬದಲಿಸುವುದೇ ಲೇಸು, ಸನ್ನೆ ಸಲೀಸಾಗಿ ಆಡಿಯೂ ಯಂತ್ರದ ಕಡೆಯ ಕೊಂಡಿ ಅಲುಗದಿದ್ದರೆ ಮಾತ್ರ ಕೆಳಗಿನ ಪೆಟ್ಟಿಗೆಯನ್ನು ಸಂದೇಹಿಸಬೇಕು. ಎಂಜಿನ್ನು ಗರ್ಜಿಸಿಯೂ ದೋಣಿ ಮುಂದುವರಿಯದಿದ್ದರೆ, ಕಲ್ಲಿಗೆ ಬಡಿದು ಪಂಖೆಯ ಒಳಗಿನ ರಬ್ಬರು ಜಾರುತ್ತಿರಬಹುದು. ದಂಡದ ತುದಿಯಿಂದ ಪಂಖೆಯವರೆಗೆ ಬಣ್ಣದ ಗೆರೆಯೊಂದನ್ನೆಳೆದು ಓಡಿಸಿದರೆ, ಗೆರೆ ಮುರಿದುದರಿಂದಲೇ ಅದು ವ್ಯಕ್ತವಾಗುತ್ತದೆ.

ಗೇರು ತಾನಾಗಿ ಕಳಚಿಕೊಳ್ಳುವುದಾದರೆ, ಮೊದಲು ಕೇಬಲ್ಲಿನ ಹೊಂದಾಣಿಕೆಯನ್ನು ಪರಿಶೀಲಿಸಬೇಕು. ಅದು ಸರಿಯಿದ್ದರೆ ಕ್ಲಚ್ಚಿನ ಹಲ್ಲುಗಳ ಅಂಚು ಸವೆದಿರುವುದು ಬಹುತೇಕ ನಿಶ್ಚಯ. ಯಂತ್ರಕ್ಕೆ ನೋವಾದೀತೆಂದು ಸನ್ನೆಯನ್ನು ಅಳುಕುತ್ತ ನಿಧಾನವಾಗಿ ಸರಿಸುವುದೇ ಈ ಸವೆತದ ಮುಖ್ಯ ಕಾರಣ. ಎಂಜಿನ್ನಿನ ವೇಗವನ್ನು ತಗ್ಗಿಸಿ, ಒಮ್ಮೆಗೇ ದೃಢವಾಗಿ ಹಾಕುವುದು ಸರಿಯಾದ ಕ್ರಮ.

ಮುಂಗಾರಿಗೆ ಮುನ್ನ ಕೆಳಗಿನ ಪೆಟ್ಟಿಗೆಯ ಎಣ್ಣೆಯನ್ನು ಇಳಿಸಿ ನೋಡಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆಯೆಂದೇ ತಿಳಿದು ಸೀಲುಗಳನ್ನು ಬದಲಿಸಬೇಕು. ಲೋಹದ ಚೂರುಗಳಿದ್ದರೆ ಪೆಟ್ಟಿಗೆಯನ್ನು ನುರಿತ ಮಿಸ್ತ್ರಿಯ ಕೈಗೊಪ್ಪಿಸಬೇಕು. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ, ಮೇಲಿನ ರಂಧ್ರದಲ್ಲಿ ಉಕ್ಕುವವರೆಗೆ ತುಂಬುವುದು ವಾಡಿಕೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿದು ಹಲ್ಲುಗಳು ಎಣ್ಣೆಯಿಲ್ಲದೆ ತೇಯುವುವು.