ಮಗಳು ಕ್ರಿಕೆಟ್ ಕಲಿಯುವೆನೆಂದರೆ

ಸುಗ್ಗಿ ಮುಗಿದ ಮೇಲೆ ಶಿಕಾರಿಪುರ, ಸೊರಬಗಳ ಕಡೆ ಗದ್ದೆಯ ಬಯಲುಗಳು ಮಕ್ಕಳ ಆಟದ ಅಂಗಳಗಳಾಗುವುದನ್ನು ವಾಚಕರು ಕಂಡೇ ಇರುವರು. ಮಳೆ ಹಿಡಿಯಿತೆಂದರೆ ಆ ಆಟವೂ ತೀರಿತು. ಅಲ್ಲಿ ದಾಂಡು ಹಿಡಿದವರ ನಡುವೆ ಹೆಣ್ಣುಮಗುವೊಂದಿದ್ದು, ಸಂಜೆ ಮನೆಗೆ ಬಂದು, “ಅಪ್ಪಾ, ನಾನು ಕ್ರಿಕೆಟ್ ಕಲಿಯುತ್ತೇನೆ” ಎಂದರೆ ಗೃಹಸ್ಥನು ಏನು ಹೇಳಬೇಕು? ಆಟವೇನೋ ಒಳ್ಳೆಯದೇ, ಆದರೆ ಅದರಿಂದ ಮಗಳ ಜೀವನ ಸಾಗೀತೆ ಎಂಬ ಚಿಂತೆ ತಾಯಿತಂದೆಗಳಿಗೆ ಸಹಜವಾದುದು. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗೆಯಿಂದ ಬೀರೂರಿನ ರೈಲು ಹಿಡಿದರೆ, ಅಲ್ಲಿಗೆ ಹತ್ತಿರವೇ ಕಡೂರು.

ಶ್ರೀಮತಿ ವೇದಾ ಕೃಷ್ಣಮೂರ್ತಿಯವರು 1992ನೆಯ ಅಕ್ಟೋಬರ್ 16ರಂದು ಜನಿಸಿದುದು ಆ ಊರಿನವರಾಗಿ. ತಂದೆಯವರದು ಟೆಲಿವಿಷನ್ ಕೇಬಲ್ ಒದಗಿಸುವ ಉದ್ಯೋಗ. ನಾಲ್ವರು ಮಕ್ಕಳಲ್ಲಿ ವೇದಾ ಕಿರಿಯರು. ಮೂರನೆಯ ವಯಸ್ಸಿಗೇ ಅವರನ್ನು ಕರಾಟೆ ಕಲಿಯಲು ಹಚ್ಚಿದರು. ಬಾಲಕಿಗೆ ಅದು ರುಚಿಸಲಿಲ್ಲವಂತೆ. ಆದರೂ ಹನ್ನೆರಡನೆಯ ವಯಸ್ಸಿಗೆ ಕಪ್ಪುಪಟ್ಟಿಯನ್ನು ಗಳಿಸಿದರು. ಮನಸ್ಸಿದ್ದುದು ಬೀದಿಯಲ್ಲಿ ಹುಡುಗರೊಡನೆ ಆಡುತ್ತಿದ್ದ ಕ್ರಿಕೆಟ್ಟಿನ ಮೇಲೆ. 2005ರಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಎಂಬ ಶಿಕ್ಷಣಶಾಲೆಯನ್ನು ಸೇರಿದಾಗ, ಅದರ ಮುಖ್ಯಸ್ಥರಾದ ಇರ್ಫಾನ್ ಸೇಟ್ ಅವರು ಹುಡುಗಿಯ ಸತ್ತ್ವವನ್ನು ಗುರುತಿಸಿ, ಓದು, ಅಭ್ಯಾಸಗಳೆರಡೂ ಬೆಂಗಳೂರಿನಲ್ಲಿಯೇ ನಡೆಯಲೆಂದು ತಂದೆಗೆ ಸಲಹೆಯಿತ್ತರು. ತಂದೆ ಒಪ್ಪಿದರು.

ಆ ಒಪ್ಪಿಗೆಯ ಬೆಲೆಯನ್ನು ಅರಿಯಲು ಅಂದಿನ ಲೆಕ್ಕವನ್ನು ನೋಡಬೇಕು. ಅದೇ 2005ರಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ಪಿನ ಕೊನೆಯ ಪಂದ್ಯದವರೆಗೂ ಏರಿದ್ದರು. ಅವರಿಗೆ ದೊರೆತುದು ಪಂದ್ಯವೊಂದಕ್ಕೆ 1,000 ರೂಪಾಯಿ ಎಂದು ಅಂದಿನ ನಾಯಕಿ ಮಿಥಾಲಿ ರಾಜ್ ಅವರೇ ಮುಂದೆ ಹೇಳಿದರು. ರೈಲ್ವೆ ಇಲಾಖೆಯು ಆಟಗಾರ್ತಿಯರಿಗೆ ಕೊಡುತ್ತಿದ್ದ ನೌಕರಿಯೊಂದೇ ಅಂದಿಗೆ ದೊಡ್ಡ ಆಸರೆ. ಹೀಗಿರುವಾಗ ಹದಿಮೂರು ತುಂಬುವ ಮಗಳನ್ನು ಆಟಕ್ಕಾಗಿ ಪಟ್ಟಣಕ್ಕೆ ಕಳುಹಿದ ತಂದೆಯನ್ನು ನೆರೆಹೊರೆಯವರು ಬುದ್ಧಿವಂತರೆಂದು ಹೊಗಳಿರಲಾರರೆಂದೇ ನಮ್ಮ ಊಹೆ. ಉಡುತಡಿಯ ಅಕ್ಕಮಹಾದೇವಿಯು ಮನೆ ಬಿಟ್ಟು ಕಲ್ಯಾಣಕ್ಕೆ ನಡೆದಳೆಂದು ಹೆಮ್ಮೆಪಡುವ ಸೀಮೆ ಶಿಕಾರಿಪುರದ್ದು. ವೈರಾಗ್ಯಕ್ಕೂ ಕ್ರಿಕೆಟ್ಟಿಗೂ ಹೋಲಿಕೆ ತರುವ ಧಾರ್ಷ್ಟ್ಯ ನಮಗಿಲ್ಲ. ಹೆಣ್ಣುಮಗಳು ತಾನು ನೆಚ್ಚಿದ ದಾರಿಗಾಗಿ ಊರು ಬಿಟ್ಟಳೆಂದರೆ ಬೆಚ್ಚಿಬೀಳುವ ಸೀಮೆ ಮಾತ್ರ ಇದಾಗಬಾರದಷ್ಟೆ.

2006ರಲ್ಲಿ ಮಹಿಳೆಯರ ಆಟವು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಆಡಳಿತಕ್ಕೆ ಬಂದಿತು. 2011ನೆಯ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ಹದಿನೆಂಟರ ವೇದಾ ತಮ್ಮ ಮೊದಲ ಏಕದಿನ ಪಂದ್ಯವನ್ನಾಡಿ 51 ಓಟಗಳನ್ನು ಗಳಿಸಿದರು. ಇಷ್ಟಾದರೂ ಸಂಭಾವನೆಯ ನಿಶ್ಚಯವಿರಲಿಲ್ಲ. ಮಂಡಳಿಯು ಮಹಿಳೆಯರೊಡನೆ ವಾರ್ಷಿಕ ಕರಾರನ್ನು ಮಾಡಿಕೊಂಡುದು 2015ರಲ್ಲಿ. ಅದೂ ಹನ್ನೊಂದು ಮಂದಿಗೆ, ವರ್ಷಕ್ಕೆ 15 ಲಕ್ಷ ಮತ್ತು 10 ಲಕ್ಷ ರೂಪಾಯಿಗಳೆಂಬ ಎರಡು ದರ್ಜೆಗಳಲ್ಲಿ. ಕಡೂರಿನ ಹುಡುಗಿ ಬೆಂಗಳೂರಿನ ಶಾಲೆಯನ್ನು ಸೇರಿ ಆಗ ಹತ್ತು ವರ್ಷ! ಪುರುಷರಿಗೆ ಸಮನಾಗಿ ಏಕದಿನದ ಪಂದ್ಯವೊಂದಕ್ಕೆ 6 ಲಕ್ಷ ರೂಪಾಯಿ ಎಂದು ಗೊತ್ತಾದುದು 2022ರ ಅಕ್ಟೋಬರಿನಲ್ಲಿ. ವೇದಾ 2025ರಲ್ಲಿ ಆಟದಿಂದ ನಿವೃತ್ತರಾದರು.

ಅದೇ ಡರ್ಬಿಗೆ ಅವರು 2017ರ ವಿಶ್ವಕಪ್ಪಿಗಾಗಿ ಮರಳಿದ್ದರು. ಜುಲೈ 15ರಂದು ನ್ಯೂಜಿಲೆಂಡಿನ ಎದುರು ಕೇವಲ 45 ಚೆಂಡುಗಳಲ್ಲಿ 70 ಓಟ! ಅಂದು ಎದುರಾಳಿಗಳನ್ನು 79ಕ್ಕೆ ಕೆಡವಿದವರೂ ನಮ್ಮ ನಾಡಿನವರೇ: ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರು 15 ಓಟಗಳನ್ನಷ್ಟೇ ಕೊಟ್ಟು ಐದು ವಿಕೆಟ್ಟುಗಳನ್ನು ಪಡೆದರು. ರಾಜೇಶ್ವರಿಯವರ ತಂದೆ 2014ರಲ್ಲಿಯೇ ತೀರಿಕೊಂಡಿದ್ದು, ಸಂಸಾರದ ಭಾರ ಮಗಳ ಮೇಲಿತ್ತು. ಊರಿಗೆ ಮರಳಿದಾಗ ರಾಜ್ಯದ ಮಂತ್ರಿಗಳೊಬ್ಬರು ಅವರಿಗೆ ಮೋಟಾರು ಕಾರನ್ನು ಬಹುಮಾನವಾಗಿ ಕೊಡಲು ಮುಂದಾದರು. ಕಾರು ಬೇಡ, ಮನೆಯವರು ಇರಲು ಒಂದು ಮನೆ ಬೇಕೆಂದು ರಾಜೇಶ್ವರಿ ಕೇಳಿದರು.