ಹೆಸರಿಗೂ ಬೇಲಿ ಬೇಕು



ಕಳೆದ ತಿಂಗಳು ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ಮೇಜಿನ ಮೇಲೆ ಕಾಲು ಕಿಲೋ ಕಾಫಿಪುಡಿಯ ಪೊಟ್ಟಣವೊಂದನ್ನಿಟ್ಟು, "ಏನು ಕಾರ್ಯದರ್ಶಿಗಳೇ, ನಮ್ಮ ಪುಡಿಗೆ ಇಷ್ಟು ಚಿಕೋರಿ ಯಾವಾಗಿನಿಂದ?" ಎಂದು ಗದರಿದರು. ನೋಡಿದರೆ ಪೊಟ್ಟಣ ನಮ್ಮದಲ್ಲ. ಬಣ್ಣ ನಮ್ಮದರಂತೆ, ಚಿತ್ರ ನಮ್ಮದರಂತೆ, ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬೇರೆ. ಸಂಘಕ್ಕೆ ಕಾಫಿ ಹಾಕುವವರೇ ಮೋಸಹೋದರೆಂದ ಮೇಲೆ ಪೇಟೆಯ ಗಿರಾಕಿಯ ಪಾಡೇನು?

ವಿಚಾರಿಸಿದಾಗ ಆ ಹೆಸರಿನ ನೋಂದಣಿಗೆ ಅರ್ಜಿ ಬಿದ್ದು, ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವೂ ಆಗಿರುವುದು ತಿಳಿಯಿತು. ಅದಕ್ಕೆ ವಿರೋಧ ಸಲ್ಲಿಸಲು ಆಡಳಿತ ಮಂಡಲಿ ತೀರ್ಮಾನಿಸಿದೆ.

1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ, ಪ್ರಕಟಣೆಯಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಕಾಫಿ ಬರುವುದು 30ನೇ ವರ್ಗದಲ್ಲಿ. ಆನ್‌ಲೈನ್ ಮೂಲಕ ಸಲ್ಲಿಸಿದರೆ ಒಂದು ವರ್ಗಕ್ಕೆ 2,700 ರೂಪಾಯಿ ಶುಲ್ಕ. ವಿರೋಧದ ಪ್ರತಿ ಕೈಸೇರಿದ ಎರಡು ತಿಂಗಳೊಳಗೆ ಅರ್ಜಿದಾರರು ಉತ್ತರ ಕೊಡದಿದ್ದರೆ ಅರ್ಜಿ ಬಿಟ್ಟುಕೊಟ್ಟಂತೆಯೇ ಸರಿ. ಕೊಟ್ಟರೆ, ಅದು ನಮಗೆ ತಲುಪಿದ ಎರಡು ತಿಂಗಳಲ್ಲಿ ನಾವು ಅಫಿಡವಿಟ್ಟಿನೊಡನೆ ಸಾಕ್ಷ್ಯ ಒದಗಿಸಬೇಕು. ಗಡುವು ಮೀರಿ ಹೆಸರು ನೋಂದಣಿಯಾದರೆ ರದ್ದತಿಗೆ ಹೋಗಬಹುದು, ಆದರೆ ಆ ದಾರಿ ದೂರ.

ಹೋಲಿಕೆಯನ್ನು ಅಳೆಯುವುದು ಹೇಗೆ? 1972ರಲ್ಲಿ ಪಾರ್ಲೆ ಗ್ಲೂಕೋ ಬಿಸ್ಕತ್ತಿನ ಹೊದಿಕೆಯ ಬಗ್ಗೆ ಮೈಸೂರಿನ ಕಂಪನಿಯೊಂದರ ಮೇಲಿನ ದಾವೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಎರಡೂ ಹೊದಿಕೆಗಳಲ್ಲಿ ಒಬ್ಬ ಹುಡುಗಿ, ಹಸು, ಕೋಳಿ, ಹಿಂದೆ ಬೇಲಿಯಿರುವ ಮನೆ. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸಬಾರದು, ಒಂದನ್ನು ಕಂಡು ನೆನಪಿಟ್ಟವನು ಇನ್ನೊಂದನ್ನು ಅದೆಂದೇ ಕೊಳ್ಳುವ ಸಂಭವವಿದೆಯೇ ಎಂದು ನೋಡಬೇಕು ಎಂಬುದು ನ್ಯಾಯಾಲಯದ ನಿಲುವು. ಪಾರ್ಲೆ ಗೆದ್ದಿತು.

ಹಾಗೆಂದು ಹೆಸರು ಹೋಲಿದ ಮಾತ್ರಕ್ಕೆ ಗೆಲುವು ಖಂಡಿತವೆಂದು ಯಾರೂ ತಿಳಿಯಬಾರದು. ನಮ್ಮಂತೆ ಸಹಕಾರಿ ಸಂಸ್ಥೆಯೇ ಆದ ಕರ್ನಾಟಕ ಹಾಲು ಮಹಾಮಂಡಳಿಯ 'ನಂದಿನಿ' 1985ರಿಂದ ಬಳಕೆಯಲ್ಲಿದೆ. 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಂದಿನಿ ಡೀಲಕ್ಸ್ ಹೋಟೆಲಿನವರು ತಮ್ಮ ಹೆಸರಿನ ನೋಂದಣಿಗೆ ಅರ್ಜಿ ಹಾಕಿದಾಗ ಮಂಡಳಿ ವಿರೋಧಿಸಿತು. ಹೈಕೋರ್ಟಿನಲ್ಲಿ ಗೆದ್ದರೂ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಹುಟ್ಟಿಸಿದ ಪದವಲ್ಲ. ಎರಡರ ಚಿಹ್ನೆ ಬೇರೆ, ಮಾರುವ ಪದಾರ್ಥವೂ ಬೇರೆ ಎಂದು ತೀರ್ಪಾಯಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ನೋಂದಣಿ ಸಿಗಲಿಲ್ಲ.

ನಮ್ಮ ವಿಷಯದಲ್ಲಿ ಅವರದೂ ಕಾಫಿಪುಡಿ, ನಮ್ಮದೂ ಕಾಫಿಪುಡಿ. ಅಂಗಡಿ ಅದೇ, ಗಿರಾಕಿ ಅವನೇ. ಇದು ನಮ್ಮ ಬಲ. ಆದರೆ ನಾವು ಮೊದಲಿನಿಂದ ಈ ಹೆಸರಿನಲ್ಲಿ ಮಾರುತ್ತಿದ್ದೇವೆಂದು ತೋರಿಸಲು ಕಾಗದ ಬೇಕು. ಸಂಘದ ಹಳೆಯ ಬಿಲ್ಲು ಪುಸ್ತಕಗಳಲ್ಲಿ ಕೆಲವು ಗೆದ್ದಲಿಗೆ ಆಹುತಿಯಾಗಿವೆ. ಇದು ನಮ್ಮದೇ ತಪ್ಪು, ಒಪ್ಪಿಕೊಳ್ಳುತ್ತೇವೆ.

ಆದ್ದರಿಂದ ಹಳೆಯ ಪೊಟ್ಟಣ, ರಸೀದಿ, ಮೇಳದ ಮಳಿಗೆಯ ಫೋಟೋ ಯಾರ ಮನೆಯ ಅಟ್ಟದಲ್ಲಿದ್ದರೂ ಕಚೇರಿಗೆ ತಲುಪಿಸಿರಿ. ನಕಲಿ ಪೊಟ್ಟಣ ಕಂಡರೆ ಅಂಗಡಿಯವರೊಡನೆ ಜಗಳ ಬೇಡ. ಬಿಲ್ಲಿನೊಡನೆ ಒಂದನ್ನು ಕೊಂಡು ತನ್ನಿರಿ, ಹಣ ಸಂಘ ಕೊಡುತ್ತದೆ.

ಪಕ್ಕದ ತೋಟದ ಬೇಲಿ ಒಂದು ಮೊಳ ಒಳಗೆ ಬಂದರೆ ನಾವು ಅದೇ ದಿನ ಸರ್ವೆಯವರನ್ನು ಹುಡುಕಿಕೊಂಡು ಹೋಗುತ್ತೇವೆ. ಹೆಸರಿನ ವಿಷಯದಲ್ಲೂ ಅಷ್ಟೇ ಜಾಗ್ರತೆ ಇರಲಿ.